ಕಾರಿನ ತಂಪು ಮತ್ತು ಅತ್ತೆಯವರ ಮೂಗು

ಬೆಂಕಿಪೊಟ್ಟಣ ಕಂಡರೆ ಬೆವರುವ ವಿಜ್ಞಾನದ ಮೇಷ್ಟ್ರನ್ನು ನೀವು ನೋಡಿರಲಿಕ್ಕಿಲ್ಲ. ನಾನೊಬ್ಬನಿದ್ದೇನೆ. ರಾಮನಗರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಜಲಜನಕ ತಯಾರಿಸಿ, ಉರಿಯುವ ಕಡ್ಡಿಯನ್ನು ಪ್ರನಾಳದ ಬಾಯಿಗೆ ಹಿಡಿದು 'ಪಟ್' ಎನ್ನಿಸಿ, ಮಕ್ಕಳ ಕೈಲಿ ಚಪ್ಪಾಳೆ ತಟ್ಟಿಸಿಕೊಂಡವನು ನಾನು. ಈಗ ದೇವರ ಮುಂದೆ ದೀಪ ಹಚ್ಚಬೇಕೆಂದರೂ ಮೊದಲು ಕಿಟಕಿ ತೆರೆಯುತ್ತೇನೆ, ಎರಡು ಸಲ ಉಸಿರೆಳೆದು ಮೂಸುತ್ತೇನೆ, ಆಮೇಲೆ ಹೆಂಡತಿಯನ್ನು ಕರೆದು, "ಸುನಂದ, ನೀನೇ ಹಚ್ಚಿಬಿಡು" ಎನ್ನುತ್ತೇನೆ. ಮೇಷ್ಟ್ರಿಗೆ ಭಕ್ತಿ ಕಮ್ಮಿಯಾಗಿದೆ ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಾರಂತೆ. ಭಕ್ತಿ ಕಮ್ಮಿಯಾಗಿಲ್ಲ. ಅದು ಹೆಚ್ಚಾಗಿದ್ದ ಹನ್ನೊಂದು ದಿನಗಳ ಲೆಕ್ಕ ನನ್ನ ಬಳಿ ಇದೆ. ಅದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದು, ಮೈಸೂರು ರಸ್ತೆಯನ್ನು ಅಗಲ ಮಾಡಿ, ರಾಮನಗರದ ಬಿಸಿಲಿಗೆ ಹೊಸದಾಗಿ ಟಾರಿನ ಬಿಸಿಯೂ ಸೇರಿಕೊಂಡ ಕಾಲ ಅದು. ಬೆಂಗಳೂರಿನವರು ಹೊಸ ಕಾರು ಕೊಂಡಂತೆಲ್ಲ ಅವರ ಹಳೆಯ ಕಾರುಗಳು ಇಳಿಜಾರಿನ ನೀರಿನಂತೆ ನಮ್ಮ ಕಡೆಗೆ ಹರಿದು ಬರುತ್ತಿದ್ದವು. ಹಾಗೆ ಹರಿದು ಬಂದ ಒಂದು ಬಿಳಿ ಕಾರು ನಮ್ಮ ಮನೆಯ ಮುಂದೆ ನಿಂತಿತು. ತೊಂಬತ್ತರ ದಶಕದ ಮೊದಲ ಭಾಗದ್ದು. ಅದಕ್ಕೆ ಎರಡು ವಿಶೇಷಗಳಿದ್ದವು. ಒಂದು, ಎ.ಸಿ. ಇತ್ತು. ಎರಡು, ಹಿಂದಿನ ಎಡಗಡೆಯ ಕಿಟಕಿಯ ಗಾಜು ಪೂರ್ತಿ ಏರುತ್ತಿರಲಿಲ್ಲ. ಮೇಲೆ ಎರಡು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಅಳೆದಿದ್ದೇನೆ, ಮೂರೂವರೆ ಸೆಂಟಿಮೀಟರು. ಆ ಸಂದನ್ನು ನಾನು ದಿನಾ ಶಪಿಸುತ್ತಿದ್ದೆ. ಆಮೇಲೆ ಅದಕ್ಕೆ ಕೈ ಮುಗಿದಿದ್ದೇನೆ, ಆದರೆ ಅದು ಮುಂದಿನ ಮಾತು.

ಆ ವರ್ಷ ಬೇಸಿಗೆಯ ಹೊತ್ತಿಗೆ ಎ.ಸಿ. ಬಿಸಿಗಾಳಿ ಊದತೊಡಗಿತು. ಗ್ಯಾಸು ಖಾಲಿಯಾಗಿದೆ, ಆ ಹಳೆಯ ಗ್ಯಾಸು ಈಗ ಸಿಗುವುದೂ ಇಲ್ಲ ಎಂದರು. ನನಗೆ ಅವಮಾನವಾಯಿತು. ಏಕೆಂದರೆ ಆ ಗ್ಯಾಸನ್ನು ಪ್ರಪಂಚವೇ ಏಕೆ ಬಿಟ್ಟಿತು ಎಂದು ಪ್ರತಿ ವರ್ಷ ಹತ್ತನೇ ತರಗತಿಗೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದವನು ನಾನೇ. ಭೂಮಿಯ ಸುತ್ತ ಓಜೋನಿನ ಛತ್ರಿ, ಛತ್ರಿಯಲ್ಲಿ ತೂತು, ತೂತಿನಿಂದ ಇಳಿಯುವ ಬಾಣಗಳು. "ಈ ತೂತು ಮಾಡಿದವರು ಯಾರು?" ಎಂದು ಕೇಳುತ್ತಿದ್ದೆ. ಮಕ್ಕಳು "ಶ್ರೀಮಂತ ದೇಶಗಳು ಸಾರ್" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಆಗ ಕಿಟಕಿಯ ಆಚೆ ಬೇವಿನ ಮರದ ಕೆಳಗೆ ನನ್ನ ಬಿಳಿ ಕಾರು, ಇರುವ ಹಳೆಯ ಗ್ಯಾಸನ್ನೆಲ್ಲ ಸದ್ದಿಲ್ಲದೆ ಆಕಾಶಕ್ಕೆ ಬಿಡುತ್ತ ನಿಂತಿರುತ್ತಿತ್ತು.

ಹೊಸ ಗ್ಯಾಸಿಗೆ ಬದಲಾಯಿಸಬೇಕು ಎಂದು ತೀರ್ಮಾನವಾಯಿತು. ನಾನು ಅವಸರದವನಲ್ಲ. ಎರಡು ಭಾನುವಾರ ಕೂತು ಓದಿದೆ. ಹಳೆಯ ಗ್ಯಾಸಿನ ಜೊತೆ ಓಡಾಡುತ್ತಿದ್ದ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆಯುವುದಿಲ್ಲ, ಹಾಗಾಗಿ ಎಣ್ಣೆ ತೆಗೆದು ಬೇರೆ ಹಾಕಬೇಕು. ಕೀಲುಗಳ ರಬ್ಬರ್ ಬಳೆಗಳನ್ನು ಬದಲಾಯಿಸಬೇಕು. ತೇವ ಹೀರುವ ಒಂದು ಡಬ್ಬಿ ಇರುತ್ತದೆ, ಅದನ್ನೂ ಬದಲಾಯಿಸಬೇಕು. ಪಂಪು ಹಾಕಿ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಹೊಸ ಗ್ಯಾಸನ್ನು ಹಳೆಯದರ ಅಳತೆಗಿಂತ ಸ್ವಲ್ಪ ಕಡಿಮೆ ತುಂಬಬೇಕು. ಕೊನೆಗೆ, ಯಾವ ಗ್ಯಾಸಿದೆ ಎಂದು ಬಾನೆಟ್ಟಿನ ಒಳಗೆ ಚೀಟಿ ಅಂಟಿಸಬೇಕು. ಇವಿಷ್ಟನ್ನೂ ಗೆರೆ ಹಾಕಿದ ಹಾಳೆಯಲ್ಲಿ ಬರೆದು ಮೆಕ್ಯಾನಿಕ್ ಶಿವಣ್ಣನ ಕೈಗೆ ಕೊಟ್ಟೆ. ಶಿವಣ್ಣ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿ ಅರ್ಧಕ್ಕೆ ಬಿಟ್ಟು, ಬೆಂಗಳೂರಿನಲ್ಲಿ ಕೆಲಸ ಕಲಿತು, ಹೆದ್ದಾರಿ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ.

ಹಾಳೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದು ಓದಿದ. "ಅಕ್ಸರ ಇನ್ನೂ ಹಂಗೇ ಮುತ್ತಿನಂಗೆ ಐತೆ ಸಾ" ಎಂದ.

"ಅಕ್ಷರ ಇರಲಿ, ಕೆಲಸ?"

"ನೀವೇನೂ ಯೋಚ್ನೆ ಮಾಡ್ಬೇಡಿ ಸಾ. ನಾಳೆ ಬನ್ನಿ, ಸ್ವೆಟರ್ ಹಾಕ್ಕೊಂಡು ಬನ್ನಿ."

ಮರುದಿನ ಹೋದೆ. ಸ್ವೆಟರ್ ಹಾಕಿಕೊಂಡು ಹೋಗಲಿಲ್ಲ, ಶಾಲೆಯ ಪ್ರಯೋಗಾಲಯದ ಉಷ್ಣಮಾಪಕ ತೆಗೆದುಕೊಂಡು ಹೋದೆ. ಬಾನೆಟ್ಟಿನಲ್ಲಿ ಚೀಟಿ ಅಂಟಿತ್ತು, ಹೊಸ ಗ್ಯಾಸಿನ ಹೆಸರು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದಿತ್ತು. ಎ.ಸಿ. ಹಾಕಿದೆ. ಹೊರಗೆ ಮೂವತ್ತೇಳು ಡಿಗ್ರಿ. ಹತ್ತು ನಿಮಿಷಕ್ಕೆ ಗಾಳಿ ಬರುವ ಬಾಯಿಯಲ್ಲಿ ಎಂಟು ಡಿಗ್ರಿ. ಕಾರು ಹೊಸದಾಗಿದ್ದಾಗಲೂ ಇಷ್ಟು ತಣ್ಣಗಿತ್ತೋ ಇಲ್ಲವೋ. ನನಗೆ ಕಣ್ಣು ತುಂಬಿ ಬಂತು. ಶಿಷ್ಯ ಕೈ ಕಟ್ಟಿಕೊಂಡು ನಿಂತು, "ಸಾ, ಇದನ್ನೇ ಒಂದು ಪೇಪರ್‌ನಾಗೆ ಬರ್ದು ಸೈನ್ ಹಾಕ್ಕೊಡಿ. ಗೋಡೆಗೆ ಹಾಕ್ಕೋತೀನಿ" ಎಂದ. ಗುರು ಹೆಮ್ಮೆಯಿಂದ ಬರೆದುಕೊಟ್ಟ: ದಿನಾಂಕ, ಗಂಟೆ, ಹೊರಗಿನ ಉಷ್ಣತೆ, ಒಳಗಿನ ಉಷ್ಣತೆ, 'ನಾನು ಖುದ್ದಾಗಿ ಅಳೆದು ನೋಡಿದ್ದೇನೆ', ಸಹಿ, ವಿಜ್ಞಾನ ಶಿಕ್ಷಕರು.

ಮನೆಗೆ ಬಂದ ಮೇಲೆ ಸುನಂದ ಕಾರಿಗೆ ಪೂಜೆ ಮಾಡಬೇಕೆಂದಳು. ಇಷ್ಟು ತಂಪು ಕೊಟ್ಟ ಯಂತ್ರಕ್ಕೆ ಪೂಜೆ ಬೇಡವೆನ್ನಲು ವಿಜ್ಞಾನದಲ್ಲಿ ಆಧಾರವಿಲ್ಲ. ಚಕ್ರಕ್ಕೆ ನಿಂಬೆಹಣ್ಣಾಯಿತು, ಬಾಗಿಲಿಗೆ ಕುಂಕುಮವಾಯಿತು. ಮುಂದೆ ಗಾಜಿನ ಕೆಳಗೆ ಒಂದು ಪುಟ್ಟ ಗಣೇಶನನ್ನೂ, ಗಣೇಶನ ಪಕ್ಕ ಊದುಬತ್ತಿಯ ಹಿತ್ತಾಳೆ ಸ್ಟ್ಯಾಂಡನ್ನೂ ಇಟ್ಟೆವು. ಅವತ್ತಿನಿಂದ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಂದು ಊದುಬತ್ತಿ ಹಚ್ಚುವುದು ನನ್ನ ಪದ್ಧತಿಯಾಯಿತು. ಗಾಳಿಗೆ ಕಡ್ಡಿ ಆರಬಾರದೆಂದು ಕಾರಿನೊಳಗೆ ಕೂತು, ನಾಲ್ಕೂ ಬಾಗಿಲು ಭದ್ರವಾಗಿ ಹಾಕಿಕೊಂಡು, ಆಮೇಲೆ ಗೀರುತ್ತಿದ್ದೆ. ಈ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ.

ಐದು ದಿನ ಕಳೆದ ಮೇಲೆ ಸುನಂದ, "ಕಾರಲ್ಲಿ ಏನೋ ವಾಸನೆ ಕಣ್ರೀ" ಎಂದಳು. ನನಗೆ ಏನೂ ತಿಳಿಯಲಿಲ್ಲ. ಪ್ರಯೋಗಾಲಯದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ವರ್ಷಕ್ಕೆ ನಾಲ್ಕು ಸಲ ತಯಾರಿಸಿದ ನನ್ನ ಮೂಗು ಎಂದೋ ಸ್ವಯಂನಿವೃತ್ತಿ ಪಡೆದಿತ್ತು. ಆದರೂ ಹೆಂಡತಿಯ ಮಾತನ್ನು ತಳ್ಳಿಹಾಕುವವನಲ್ಲ ನಾನು. ಕ್ರಮ ಕೈಗೊಂಡೆ. ಮರುದಿನದಿಂದ ಒಂದರ ಬದಲು ಎರಡು ಊದುಬತ್ತಿ ಹಚ್ಚಿದೆ. "ಈಗ ಸರಿಹೋಯ್ತು" ಎಂದಳು.

ಇನ್ನು ಅತ್ತೆಯವರ ವಿಷಯಕ್ಕೆ ಬರಬೇಕು. ಸುನಂದಳ ತಾಯಿ ಹೊಂಗನೂರಿನವರು, ಪುಟ್ಟಲಿಂಗಮ್ಮ. ಐವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಾರೆ. ಹುಳುಮನೆಯ ಶಿಸ್ತು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಲ್ಲಿಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ. ಬೀಡಿ ಸೇದಿದವರು, ಪೌಡರು ಹಾಕಿದವರು, ಮಲ್ಲಿಗೆ ಮುಡಿದವರು ಬಾಗಿಲಾಚೆ. ಒಗ್ಗರಣೆಯ ಘಾಟು ಕೂಡ ಆ ಕಡೆ ಸುಳಿಯಬಾರದು. ಐವತ್ತು ವರ್ಷ ಹಾಗೆ ಕಾವಲು ಕಾದ ಮೂಗು ಅವರದು. ನಾನು ಹೊಸ ಅಳಿಯನಾಗಿ ಸೆಂಟು ಹಾಕಿಕೊಂಡು ಹೋಗಿದ್ದಾಗ, ನಾನಿನ್ನೂ ಬೀದಿಯ ಕೊನೆಯಲ್ಲಿರುವಾಗಲೇ ಒಳಗಿನಿಂದ, "ಅಳಿಯಂದ್ರು ಬಂದ್ರು, ಹುಳದ ಮನೆ ಬಾಗ್ಲು ಹಾಕಿ" ಎಂದಿದ್ದರು.

ಮೊದಲ ಎರಡು ಹಂತದ ಎಳೆಯ ಹುಳುಗಳನ್ನು ಅವರು ಮನೆಯಲ್ಲಿ ಸಾಕುವುದಿಲ್ಲ, ಕನಕಪುರದ ಒಂದು ಚಾಕಿ ಕೇಂದ್ರದಲ್ಲಿ ಬೆಳೆಸಿದ್ದನ್ನು ತರುತ್ತಾರೆ. ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲುಗದೆ ಕೂರುವುದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತ ಹುಳುವನ್ನು ಬೆಳಗಿನ ತಂಪಿನಲ್ಲಿ ಸಾಗಿಸಬೇಕು. ಆ ಸಲ ಹುಳು ಜ್ವರಕ್ಕೆ ಕೂರುವುದು ತಡವಾಗಿ, ಮಧ್ಯಾಹ್ನವೇ ಒಯ್ಯಬೇಕೆಂದು ಕೇಂದ್ರದವರು ಹೇಳಿಕಳಿಸಿದರು. ಏಪ್ರಿಲ್ಲಿನ ಮಧ್ಯಾಹ್ನ. ಬಿಸಿಲು ತಗುಲಿದರೆ ಇಡೀ ಬೆಳೆ ಹೋದಂತೆ. ಅತ್ತೆಯವರಿಗೆ ಅದೊಂದೇ ದುಡಿಮೆ, ಅದೊಂದೇ ಹೆಮ್ಮೆ. ಫೋನಿನಲ್ಲಿ ಅವರ ದನಿ ಇಳಿದಿತ್ತು. ನಾನು ಸುನಂದಳ ಕೈಯಿಂದ ಫೋನು ತೆಗೆದುಕೊಂಡು, "ಅತ್ತೆ, ನಿಮ್ಮ ಹುಳುವಿಗೆ ಎಷ್ಟು ಡಿಗ್ರಿ ಬೇಕು ಹೇಳಿ, ಕೊಡೋಣ" ಎಂದೆ.

ಅವರು ಬೆಳಿಗ್ಗೆಯೇ ರಾಮನಗರಕ್ಕೆ ಬಂದರು. ಮೊದಲು ನನ್ನನ್ನು ಪರೀಕ್ಷಿಸಿದರು.

"ಸೋಪು ಹಾಕ್ಕೊಂಡ್ರಾ?"

"ಸ್ನಾನಕ್ಕೆ ಸೋಪು ಹಾಕದೆ ಇನ್ನೇನು ಅತ್ತೆ?"

"ಬರೀ ನೀರ್ನಾಗೆ ಇನ್ನೊಂದ್ಸಲ ಉಯ್ಕೊಂಡು ಬನ್ನಿ."

ಉಯ್ದುಕೊಂಡು ಬಂದೆ. ಅಷ್ಟರಲ್ಲಿ ಅವರು ಕಾರಿನಿಂದ ಊದುಬತ್ತಿಯ ಸ್ಟ್ಯಾಂಡನ್ನು ಕಿತ್ತು ಜಗಲಿಯ ಮೇಲೆ ಇಟ್ಟಿದ್ದರು. "ಗಣೇಸ ಇರ್ಲಿ, ಅವನಿಗೇನು ವಾಸ್ನೆ ಇಲ್ಲ" ಎಂದರು. ಪೂಜೆಯಿಲ್ಲದೆ ಹೊರಟದ್ದಕ್ಕೆ ನನಗೆ ಕಸಿವಿಸಿಯಾಯಿತು. ಬೆಂಕಿಪೊಟ್ಟಣವನ್ನು ಮಾತ್ರ ಅಭ್ಯಾಸಬಲದಿಂದ ಜೇಬಿಗೆ ಹಾಕಿಕೊಂಡಿದ್ದೆ.

ಕನಕಪುರಕ್ಕೆ ಹೋಗುವಾಗ ಎಲ್ಲಾ ಕಿಟಕಿಗಳನ್ನೂ ಇಳಿಸಿಕೊಂಡು ಹೋದೆವು. ಅಲ್ಲಿಂದ ಹೊಂಗನೂರಿಗೆ ಬರುವಾಗ, ಕಾಗದ ಮುಚ್ಚಿದ ನಾಲ್ಕು ತಟ್ಟೆ ಹುಳುಗಳು ಹಿಂದಿನ ಸೀಟಿನಲ್ಲಿ. ಪಕ್ಕದಲ್ಲಿ, ಬಾಣಂತಿಯ ಪಕ್ಕ ಕೂತ ತಾಯಿಯಂತೆ ಅತ್ತೆ. ಗಾಜುಗಳನ್ನು ಏರಿಸಿ ಎ.ಸಿ. ಹಾಕಿದೆ. ಎಡಗಡೆಯ ಸಂದಿನಿಂದ ಬಿಸಿಗಾಳಿ ಬರುತ್ತದೆಂದು ಅತ್ತೆ ತಮ್ಮ ಚೀಲದಿಂದ ಒಂದು ಹಳೆಯ ಸೀರೆ ತೆಗೆದು, ಸುತ್ತಿ, ಅದಕ್ಕೆ ಭದ್ರವಾಗಿ ತುರುಕಿದರು. ಕಾರು ಕೊಂಡ ಮೇಲೆ ಆ ಸಂದು ಮುಚ್ಚಿದ್ದು ಅದೇ ಮೊದಲು. ನಾನು ಉಷ್ಣಮಾಪಕ ನೋಡಿ, "ಇಪ್ಪತ್ತೈದು, ಅತ್ತೆ" ಎಂದೆ.

ಸಾತನೂರು ದಾಟಿ ಸ್ವಲ್ಪ ದೂರ ಬಂದಿರಬಹುದು. "ಅಳಿಯಂದ್ರೆ, ಒಲೆ ಆರ್ಸದೆ ಬಂದಿದ್ದೀರಾ?" ಎಂದರು.

ಯಾವ ಒಲೆ ಎಂದು ಕೇಳಿದೆ.

"ಗ್ಯಾಸಿನ ಒಲೆ. ವಾಸ್ನೆ ಬತ್ತಾ ಐತೆ."

ನಾನು ನಿಧಾನವಾಗಿ ವಿವರಿಸಿದೆ. ಒಲೆ ಹದಿನೈದು ಮೈಲಿ ಆಚೆ ರಾಮನಗರದಲ್ಲಿದೆ, ಕಾರಿನಲ್ಲಿರುವುದು ಎ.ಸಿ.ಯ ಗ್ಯಾಸು, ಅದಕ್ಕೆ ವಾಸನೆಯೇ ಇರುವುದಿಲ್ಲ, ಪುಸ್ತಕದಲ್ಲಿದೆ, ಬಾನೆಟ್ಟಿನ ಒಳಗೆ ಚೀಟಿಯೂ ಇದೆ.

"ಗ್ಯಾಸಿಗೆ ವಾಸ್ನೆ ಇಲ್ವೋ ನಿಮಗೆ ಮೂಗಿಲ್ವೋ, ಆಮೇಲೆ ನೋಡವ. ನಿಲ್ಸಿ."

ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಅವರು ಇಳಿದು, ಮುಂದಿನ ಬಾಗಿಲು ತೆಗೆದು, ಗಾಳಿ ಬರುವ ಬಾಯಿಗಳನ್ನು ಒಂದೊಂದಾಗಿ ಮೂಸಿದರು. ಮೂರನೆಯದರ ಹತ್ತಿರ ತಲೆ ಹಿಂದಕ್ಕೆಳೆದು, "ಇಲ್ಲಿಂದ" ಎಂದರು. ನನಗೆ ನಂಬಿಕೆ ಬರಲಿಲ್ಲ. ನಂಬದಿದ್ದರೆ ಪ್ರಯೋಗ ಮಾಡಬೇಕು, ಇದು ನಾನು ಮಕ್ಕಳಿಗೆ ಹೇಳುವ ಮಾತು. ಉರಿಯುವ ಅನಿಲ ಇದೆಯೋ ಇಲ್ಲವೋ ಎಂದು ಪತ್ತೆ ಮಾಡಲು ಇಪ್ಪತ್ತೆರಡು ವರ್ಷಗಳಿಂದ ನಾನು ಮಾಡುತ್ತಿದ್ದುದು ಒಂದೇ ಪ್ರಯೋಗ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಬೆಂಕಿಪೊಟ್ಟಣ ಹೊರಗೆ ಬಂತು. ಕಡ್ಡಿಯೂ ಹೊರಗೆ ಬಂತು. ನಾನು ಕಾರಿನೊಳಗೆ ಬಗ್ಗಿದೆ.

ಅತ್ತೆಯವರು ನನ್ನ ಕೈಗೆ ಹೊಡೆದರು. ಮೆಲ್ಲಗಲ್ಲ. ಪೊಟ್ಟಣ ರಸ್ತೆಯ ಆಚೆಗೆ ಹಾರಿ ಬಿತ್ತು. ನಮ್ಮ ಕಡೆ ಅತ್ತೆಯಂದಿರು ಅಳಿಯನ ಎದುರಿಗೆ ಗೋಡೆಗೆ ಒರಗಿ ಕೂರುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಅಳಿಯನ ಕೈಗೆ ಹೊಡೆದದ್ದನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಅವರೂ ಕೇಳಿರಲಿಲ್ಲವೆಂದು ಕಾಣುತ್ತದೆ. ತಮ್ಮ ಕೈಯನ್ನು ತಾವೇ ನೋಡಿಕೊಂಡು ನಿಂತರು. ಆಮೇಲೆ ಸೆರಗು ಸರಿಮಾಡಿಕೊಂಡು, "ಮೇಷ್ಟ್ರಂತೆ" ಎಂದರು. ಅಷ್ಟೇ.

ಅವರು ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಎ.ಸಿ. ಆಫ್ ಮಾಡಿಸಿದರು, ಬಾಗಿಲುಗಳನ್ನು ತೆಗೆಸಿದರು, ತಟ್ಟೆಗಳನ್ನು ನೆರಳಿಗೆ ಇಳಿಸಿದರು. ಸಂದಿಗೆ ತುರುಕಿದ್ದ ಸೀರೆಯನ್ನು ಎಳೆದು, ಕುಡಿಯುವ ನೀರಿನಲ್ಲಿ ನೆನೆಸಿ, ತಟ್ಟೆಗಳ ಸುತ್ತ ಹೊದಿಸಿದರು. ಇಪ್ಪತ್ತು ನಿಮಿಷಕ್ಕೆ ಒಂದು ಖಾಸಗಿ ಬಸ್ಸು ಬಂತು. ರಸ್ತೆಯ ಮಧ್ಯೆ ನಿಂತು ಕೈ ಅಡ್ಡ ಹಿಡಿದರು. ಬಸ್ಸು ತುಂಬಿ, ಬಾಗಿಲಲ್ಲೂ ಜನ ಜೋತಾಡುತ್ತಿದ್ದರು. ಕಂಡಕ್ಟರ್ ಬೈಯಲು ಬಾಯಿ ತೆರೆದವನು ತಟ್ಟೆ ನೋಡಿ ಬಾಯಿ ಮುಚ್ಚಿಕೊಂಡ. ಒಳಕ್ಕೆ ತಿರುಗಿ, "ಲೇ, ಹುಳ ಕಣ್ರಲಾ! ಬೀಡಿ ಎಸೀರ್ಲಾ! ಮುಂದ್ಗಡೆ ಸೀಟು ಬುಡ್ರವ್ವಾ!" ಎಂದು ಕೂಗಿದ. ಎರಡು ಬೀಡಿಗಳು ಕಿಟಕಿಯಿಂದ ರಸ್ತೆಗೆ ಬಿದ್ದವು. ಮುಂದಿನ ಸೀಟಿನಲ್ಲಿದ್ದ ಹೆಂಗಸು ಎದ್ದು, ಯಾರೂ ಕೇಳದೆಯೇ ಮುಡಿಯಿಂದ ಮಲ್ಲಿಗೆ ತೆಗೆದು ಆಚೆ ಹಾಕಿ ಹಿಂದಕ್ಕೆ ಹೋದಳು. ನಾಲ್ಕು ತಟ್ಟೆಗಳು ಕೈಯಿಂದ ಕೈಗೆ ಏರಿದವು. ಯಾರೂ ಯಾರಿಗೂ ಏನನ್ನೂ ವಿವರಿಸಲಿಲ್ಲ. ಬಸ್ಸು ಹೋಯಿತು. ಹೊಂಗೆ ಮರದ ಕೆಳಗೆ ನಾನು, ಬಾಗಿಲು ತೆರೆದ ಕಾರು, ಮತ್ತು ಗಣೇಶ ಉಳಿದೆವು.

ಜೇಬಿನಲ್ಲಿದ್ದ ಮೊಬೈಲಿನಿಂದ ಶಿವಣ್ಣನನ್ನು ಕರೆದು, ದೂರದ ಒಂದು ಬದುವಿನ ಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಹಾಕದೆ ಇರಲಾರದ ಸ್ವಭಾವ. ಮೊದಲ ಐದು ದಿನ ದಿನಕ್ಕೆ ಒಂದು ಊದುಬತ್ತಿ, ಆಮೇಲೆ ಆರು ದಿನ ದಿನಕ್ಕೆ ಎರಡು. ಒಟ್ಟು ಹದಿನೇಳು. ಹನ್ನೊಂದು ದಿನವೂ ಬಾಗಿಲು ಭದ್ರ. ಹೆಂಡತಿ ವಾಸನೆ ಎಂದಾಗ ನಾನು ಬೆಂಕಿಯನ್ನು ಇಮ್ಮಡಿ ಮಾಡಿದ್ದೆ. ಆ ಘಮವೇ ವಾಸನೆಯನ್ನು ಮುಚ್ಚಿತ್ತು. ಆ ಬೆಂಕಿಗೂ ನನಗೂ ನಡುವೆ ಇದ್ದದ್ದು, ಗ್ಯಾಸನ್ನು ಆಚೆ ಬಿಡುತ್ತಿದ್ದ ಮೂರೂವರೆ ಸೆಂಟಿಮೀಟರಿನ ಒಂದು ಸಂದು. ಏಪ್ರಿಲ್ಲಿನ ಬಿಸಿಲಿನಲ್ಲಿ ನನಗೆ ಚಳಿಯಾಯಿತು. ಶಿವಣ್ಣ ಹೇಳಿದ ಸ್ವೆಟರು ಆಗ ಬೇಕಾಗಿತ್ತು.

ಸಂಜೆಯ ಹೊತ್ತಿಗೆ ಅವನು ಸ್ಕೂಟರಿನಲ್ಲಿ ಬಂದ. ಬಾನೆಟ್ಟು ಎತ್ತಿ ಒಂದು ತಿರುಪು ಸಡಿಲಿಸಿದ. ಗ್ಯಾಸು ಉಸ್ಸೆಂದು ಬಯಲಿಗೆ ಹೋಯಿತು. ನನ್ನ ನಿವೃತ್ತ ಮೂಗಿಗೂ ಈಗ ತಿಳಿಯಿತು. ಅಡುಗೆಮನೆಯ ವಾಸನೆ.

"ಏನೋ ಇದು ಶಿವಣ್ಣ?"

"ಒಲೆ ಗ್ಯಾಸು ಸಾ" ಎಂದ. ನಾಚಿಕೆಯಿಂದಲ್ಲ, ಪಾಠ ಒಪ್ಪಿಸುವವನಂತೆ. "ಹೊಸಾ ಗ್ಯಾಸು ಹಾಕಿದ್ರೆ ಆಯಿಲ್ ಬದ್ಲಾಯಿಸ್ಬೇಕು, ಡಬ್ಬಿ ಬದ್ಲಾಯಿಸ್ಬೇಕು, ರಿಂಗು ಬದ್ಲಾಯಿಸ್ಬೇಕು. ಇದಾದ್ರೆ ಹಳೇ ಆಯಿಲ್‌ಗೂ ಒಪ್ತದೆ, ಹಳೇ ರಿಂಗಿಗೂ ಒಪ್ತದೆ. ತಂಪು ಹೆಂಗಿತ್ತು, ನೀವೇ ಹೇಳಿ?"

"ಯಾರೋ ನಿನಗೆ ಇದನ್ನು ಹೇಳಿಕೊಟ್ಟವರು?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. "ನೀವೇ ಅಲ್ವಾ ಸಾ? ಒಂಬತ್ನೇ ಕ್ಲಾಸ್‌ನಾಗೆ ಲೈಟರ್ ಗ್ಯಾಸು ತಂದು ನನ್ ಅಂಗೈ ಮ್ಯಾಲೆ ಬುಟ್ರಿ. ಕೈ ಐಸ್ ಆಗೋಯ್ತು. 'ನೋಡ್ರೋ, ಗ್ಯಾಸು ಆರೋವಾಗ ಶಾಖ ಎಳ್ಕೊಂಡು ಹೋಯ್ತದೆ, ಫ್ರಿಜ್ಜೂ ಇಷ್ಟೇ' ಅಂದ್ರಿ. ನಾನು ಎ.ಸಿ. ಕೆಲ್ಸಕ್ಕೆ ಹೋಗಿದ್ದೇ ಅದಕ್ಕೆ ಸಾ."

ನನಗೆ ಆ ತರಗತಿ ಚೆನ್ನಾಗಿ ನೆನಪಾಯಿತು. ಚಾಚಿದ ಆ ಅಂಗೈಯೂ. ಪಾಠದ ಇನ್ನರ್ಧ, ಅಂದರೆ ಅದೇ ಗ್ಯಾಸು ಹೇಗೆ ಹೊತ್ತಿ ಉರಿಯುತ್ತದೆ ಎಂಬ ಭಾಗ, ಗಂಟೆ ಹೊಡೆದದ್ದರಿಂದ ಮರುದಿನಕ್ಕೆ ಉಳಿದಿತ್ತು. "ಮಾರನೇ ದಿನ ಹೇಳಿದೆನಲ್ಲೋ, ಅದು ಉರಿಯುತ್ತೆ ಅಂತ!"

"ಮಾರ್ನೇ ದಿನ ನಾನು ಬಂದಿರ್ಲಿಲ್ಲ ಸಾ. ಮನೇಲಿ ಹುಳ ಹಣ್ಣಾಗಿದ್ವು."

ಹುಳು ಹಣ್ಣಾದ ದಿನ, ಅಂದರೆ ಅವು ಗೂಡು ಕಟ್ಟಲು ಸಿದ್ಧವಾದ ದಿನ, ನಮ್ಮ ಕಡೆ ಮಕ್ಕಳು ಶಾಲೆಗೆ ಬರುವುದಿಲ್ಲ. ಮನೆಮಂದಿಯೆಲ್ಲ ಕೂತು ಹುಳು ಆರಿಸುತ್ತಾರೆ. ಅರ್ಧ ತರಗತಿ ಖಾಲಿಯಿದ್ದರೂ ನಾನು ಪಾಠ ಮುಂದುವರಿಸುತ್ತಿದ್ದೆ. ಬರದವರಿಗೆ ಇನ್ನೊಮ್ಮೆ ಹೇಳಿದ ನೆನಪಿಲ್ಲ.

"ಅಡುಗೆ ಗ್ಯಾಸು ಉರಿಯುತ್ತೆ ಅಂತ ನಿನಗೆ ಮೇಷ್ಟ್ರು ಹೇಳಬೇಕೇನೋ?" ಎಂದು ಕೊನೆಯ ಅಸ್ತ್ರ ಬಿಟ್ಟೆ.

"ಗೊತ್ತು ಸಾ. ಆದ್ರೆ ಬೆಂಕಿ ಎಲ್ಲೈತೆ ಹೇಳಿ? ಬಾಗ್ಲು ಹಾಕ್ಕೊಂಡು ಕಾರೊಳಗೆ ಕೂತು ಯಾರಾದ್ರೂ ಕಡ್ಡಿ ಗೀರ್ತಾರಾ?"

ನಾನು ಹೊಂಗೆ ಮರವನ್ನು ನೋಡಿದೆ. ಚೆನ್ನಾಗಿ ಚಿಗುರಿತ್ತು. ಆಮೇಲೆ ಆ ಹದಿನೇಳರ ಲೆಕ್ಕವನ್ನು ಅವನಿಗೆ ಹೇಳಿದೆ. ಶಿವಣ್ಣ ನಗಲಿಲ್ಲ. ಅವನ ಕೈಯಲ್ಲಿದ್ದ ಸ್ಪ್ಯಾನರು ನೆಲಕ್ಕೆ ಬಿತ್ತು. "ಇನ್ನೂ ಎರಡು ಕಾರಿಗೆ ಹಾಕಿವ್ನಿ ಸಾ" ಎಂದ ಸಣ್ಣ ದನಿಯಲ್ಲಿ. "ನಿಮ್ಮ ಪೇಪರ್ ನೋಡಿ ಬಂದೋರು." ನಾವಿಬ್ಬರೂ ಅಲ್ಲಿಂದಲೇ ಆ ಇಬ್ಬರ ಮನೆಗೂ ಹೋದೆವು. ಒಬ್ಬರು ಊದುಬತ್ತಿ ಹಚ್ಚುವವರಲ್ಲ, ಬರೀ ಸಿಗರೇಟು ಸೇದುವವರು. ಇನ್ನೊಬ್ಬರ ಬಗ್ಗೆ ಹೇಳುವ ಧೈರ್ಯ ನನಗಿಲ್ಲ. ಅವರು ನಮ್ಮ ಮುಖ್ಯೋಪಾಧ್ಯಾಯರು.

ಮುಂದಿನ ವಾರ ಶಿವಣ್ಣ ಮೂರೂ ಕಾರುಗಳಿಗೆ ನನ್ನ ಹಾಳೆಯಲ್ಲಿದ್ದಂತೆ ಎಣ್ಣೆ, ಬಳೆ, ಡಬ್ಬಿ, ಪಂಪು, ಅಳತೆ ಎಲ್ಲವನ್ನೂ ಮಾಡಿ ನಿಜವಾದ ಹೊಸ ಗ್ಯಾಸು ತುಂಬಿದ. ಚೀಟಿಯನ್ನು ಬದಲಾಯಿಸಬೇಕಾಗಲಿಲ್ಲ, ನನ್ನ ಪಟ್ಟಿಯಲ್ಲಿ ಮೊದಲ ಸಲವೇ ಅವನು ಸರಿಯಾಗಿ ಮಾಡಿದ್ದ ಒಂದೇ ಕೆಲಸ ಅದು. ಅಳೆದೆ: ಹನ್ನೊಂದು ಡಿಗ್ರಿ. ಒಲೆ ಗ್ಯಾಸಿಗಿಂತ ಮೂರು ಡಿಗ್ರಿ ಬಿಸಿ. ನಾನು ಆ ವಿಷಯವನ್ನು ಶಿವಣ್ಣನ ಮುಂದೆ ಎತ್ತಲಿಲ್ಲ. ಅತ್ತೆಯವರ ಹುಳುಗಳು ಜ್ವರ ಬಿಟ್ಟೆದ್ದು, ಸೊಪ್ಪು ತಿಂದು, ಒಳ್ಳೆಯ ಗೂಡು ಕಟ್ಟಿದವು. "ಬಸ್ನಾಗೆ ಬಂದ ಹುಳ, ಗಟ್ಟಿ" ಎಂದು ಊರಿಗೆಲ್ಲ ಹೇಳಿದರು. ಕೈಗೆ ಹೊಡೆದ ಮಾತನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಈಗ ಅವರು ನಮ್ಮ ಮನೆಗೆ ಬಂದಾಗ ನಾನು ಕಾರಿನ ಬಾಗಿಲು ತೆಗೆದು ಹೊರಗೆ ನಿಲ್ಲುತ್ತೇನೆ. ಅವರು ತಲೆ ಒಳಗೆ ಹಾಕಿ ಒಮ್ಮೆ ಉಸಿರೆಳೆದು "ಹೂಂ" ಎಂದ ಮೇಲೆ ಕೀಲಿ ತಿರುಗಿಸುತ್ತೇನೆ. ಎಡಗಡೆಯ ಕಿಟಕಿಯನ್ನು ರಿಪೇರಿ ಮಾಡಿಸಿಲ್ಲ.

ಉಳಿದದ್ದು ಶೆಡ್ಡಿನ ಗೋಡೆಯ ಮೇಲಿದ್ದ ನನ್ನ ಪ್ರಮಾಣಪತ್ರ. ಇಳಿಸು ಎಂದೆ. "ಅದ್ರಾಗೆ ಸುಳ್ಳೇನೈತೆ ಸಾ?" ಎಂದ ಶಿವಣ್ಣ. ಸ್ಟೂಲು ಹತ್ತಿ, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿದೆ. ದಿನಾಂಕ ಸರಿ, ಗಂಟೆ ಸರಿ, ಮೂವತ್ತೇಳೂ ಸರಿ, ಎಂಟೂ ಸರಿ. ಸಹಿ ನನ್ನದೇ. ಒಂದಕ್ಷರ ಸುಳ್ಳಿಲ್ಲ. ಇಳಿಸಿಕೊಂಡು ಚೌಕಟ್ಟು ಬಿಚ್ಚಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, 'ನಾನು ಖುದ್ದಾಗಿ ಅಳೆದು ನೋಡಿದ್ದೇನೆ' ಎಂಬ ಸಾಲಿನ ಕೆಳಗೆ ಇನ್ನೆರಡು ಪದ ಸೇರಿಸಿ ಮತ್ತೆ ಸಹಿ ಹಾಕಿದೆ: 'ಮೂಸಿ ನೋಡಿಲ್ಲ.'